ಸಿಲಿಕೋನ್ ಇಂಪ್ಲಾಂಟ್ ಒಡೆದರೂ ಏಕೆ ಗೊತ್ತಾಗುವುದಿಲ್ಲ?

ಸ್ತನಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡು ವರ್ಷಗಳಾದವರು ಸಾಮಾನ್ಯವಾಗಿ ಕೇಳುವುದು ಒಂದೇ: 'ನೋವಿಲ್ಲ, ಆಕಾರವೂ ಕೆಟ್ಟಿಲ್ಲ, ಮತ್ಯಾಕೆ ಸ್ಕ್ಯಾನ್?' ಇದಕ್ಕೆ ಉತ್ತರ ಇಂಪ್ಲಾಂಟಿನೊಳಗೆ ಏನು ತುಂಬಿದೆ ಎಂಬುದರ ಮೇಲಿದೆ. ಸಲೈನ್ (ಉಪ್ಪುನೀರು) ತುಂಬಿದ್ದು ಸೋರಿದರೆ ದೇಹ ಅದನ್ನು ಹೀರಿಕೊಳ್ಳುತ್ತದೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಒಂದು ಬದಿ ಕುಗ್ಗಿ, ಯಾರೂ ಹೇಳದೆಯೇ ಗೊತ್ತಾಗಿಬಿಡುತ್ತದೆ. ಸಿಲಿಕೋನ್ ಜೆಲ್ ಹಾಗಲ್ಲ. ಇಂಪ್ಲಾಂಟಿನ ಸುತ್ತ ದೇಹ ತಾನೇ ಗಾಯದ ಅಂಗಾಂಶದ ಹೊದಿಕೆಯೊಂದನ್ನು ಕಟ್ಟಿಕೊಳ್ಳುತ್ತದೆ, ಅದೇ ಕ್ಯಾಪ್ಸೂಲ್. ಇಂಪ್ಲಾಂಟಿನ ಚೀಲ ಹರಿದರೂ ಜೆಲ್ ಈ ಕ್ಯಾಪ್ಸೂಲಿನೊಳಗೇ ಉಳಿಯುವುದರಿಂದ ಎಷ್ಟೋ ಸಲ ಪಳಗಿದ ಕೈಗೂ ಅದು ಸಿಗುವುದಿಲ್ಲ.

ಹರಿಯುವುದಕ್ಕೆ ದೊಡ್ಡ ಏಟೇ ಬೀಳಬೇಕೆಂದಿಲ್ಲ. ಚೀಲದಲ್ಲಿ ಒಂದು ಮಡಿಕೆ ಬಿದ್ದರೆ ತೋಳಾಡಿಸಿದಾಗಲೆಲ್ಲ ಅದೇ ಗೆರೆ ಮಡಚಿ ಮಡಚಿ ಸವೆಯುತ್ತದೆ. ಸಲೈನ್ ಇಂಪ್ಲಾಂಟಿಗೆ ಕಂಪನಿ ಹೇಳಿದ ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ತುಂಬಿದರೆ ಮಡಿಕೆ ಬೀಳುವುದು ಹೆಚ್ಚು. ಕ್ಯಾಪ್ಸೂಲ್ ಗಟ್ಟಿಯಾಗಿ ಬಿಗಿದರೂ ಹೀಗೇ. ಆಪರೇಷನ್ ವೇಳೆ ಸೂಜಿ, ಬ್ಲೇಡು ತಾಗಿದ್ದೂ ಕೆಲವೊಮ್ಮೆ ವರ್ಷಗಳ ನಂತರ ಚೀಲ ಹರಿದಾಗ ಬಯಲಾಗುತ್ತದೆ. ಗಟ್ಟಿಯಾದ ಕ್ಯಾಪ್ಸೂಲನ್ನು ಹೊರಗಿನಿಂದ ಕೈಯಲ್ಲಿ ಹಿಂಡಿ ಸಡಿಲಿಸುವ ಹಳೆಯ ಪದ್ಧತಿಯಂತೂ ಇಂಪ್ಲಾಂಟನ್ನೇ ಒಡೆಯುತ್ತಿತ್ತು. ಅದನ್ನು ಯಾರೂ ಮಾಡಿಸಿಕೊಳ್ಳಬಾರದು.

ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ಸಿಲಿಕೋನ್ ಇಂಪ್ಲಾಂಟ್ ಇರುವವರು ತೊಂದರೆ ಇಲ್ಲದಿದ್ದರೂ ಆಪರೇಷನ್ ಆಗಿ 5–6 ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ 2–3 ವರ್ಷಕ್ಕೊಮ್ಮೆ. ಅಲ್ಟ್ರಾಸೌಂಡ್ ನಡೆಯುತ್ತದೆ, ಅನುಮಾನ ಬಂದರೆ ಎಂಆರ್‌ಐ. ಒಡೆದಿದೆಯೇ ಎಂದಷ್ಟೇ ನೋಡಲು ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತಕ್ಕೆ ಕೊಡುವ ದ್ರವ) ಇಂಜೆಕ್ಷನ್ ಬೇಕಿಲ್ಲ. ಹರಿದ ಚೀಲ ಕುಸಿದು ಜೆಲ್‌ನಲ್ಲಿ ತೇಲುವಾಗ ಎಂಆರ್‌ಐ ಚಿತ್ರದಲ್ಲಿ ಶ್ಯಾವಿಗೆ ಎಳೆಗಳಂತೆ ಕಪ್ಪು ಗೆರೆಗಳು ಕಾಣುತ್ತವೆ. ಸ್ಕ್ಯಾನ್ ಚಿತ್ರ ಓದುವವರು ಎಡವುವುದೂ ಇಲ್ಲಿಯೇ. ಹರಿಯದ ಇಂಪ್ಲಾಂಟಿನ ಮಾಮೂಲಿ ಮಡಿಕೆಯೂ ಕಪ್ಪು ಗೆರೆಯೇ. ಆದರೆ ಅದು ಅಂಚಿನಿಂದ ಹೊರಟು ಒಳಗೆ ಹೋಗುತ್ತದೆ, ಬುಡ ಚೀಲಕ್ಕೆ ಅಂಟಿಕೊಂಡೇ ಇರುತ್ತದೆ. ಒಂದೇ ಚಿತ್ರ ನೋಡಿ ತೀರ್ಮಾನಿಸದೆ, ಗೆರೆಯನ್ನು ಹಿಂದುಮುಂದಿನ ಚಿತ್ರಗಳಲ್ಲಿ ಹಿಂಬಾಲಿಸಬೇಕು. ರಿಪೋರ್ಟಿನಲ್ಲಿ 'ಒಡೆದಿರಬಹುದು' ಎಂದಷ್ಟೇ ಇದ್ದರೆ ಆಪರೇಷನ್ನಿಗೆ ಮೊದಲು ಸ್ತನದ ಎಂಆರ್‌ಐ ನೋಡಿ ಪಳಗಿದ ಇನ್ನೊಬ್ಬ ರೇಡಿಯಾಲಜಿಸ್ಟ್‌ಗೆ ತೋರಿಸುವುದು ಮೇಲು.

ಮ್ಯಾಮೊಗ್ರಾಂ ಇದಕ್ಕಲ್ಲ, ಕ್ಯಾನ್ಸರ್ ಹುಡುಕಲು. ಇಂಪ್ಲಾಂಟ್ ಇದೆಯೆಂದು ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ಇಂಪ್ಲಾಂಟನ್ನು ಎದೆಗೂಡಿನ ಕಡೆಗೆ ಒತ್ತಿ, ಸ್ತನವನ್ನಷ್ಟೇ ಮುಂದಕ್ಕೆಳೆದು ಹೆಚ್ಚುವರಿ ಚಿತ್ರ ತೆಗೆಯಬೇಕಾಗುತ್ತದೆ.

ಜೆಲ್ ಕ್ಯಾಪ್ಸೂಲ್ ದಾಟಿದರೆ ಕಂಕುಳಲ್ಲಿ ಗಂಟು ಕಾಣಿಸಿಕೊಳ್ಳಬಹುದು. ಕ್ಯಾನ್ಸರೇ ಎಂದು ಗಾಬರಿ ಬೇಡ, ಜೆಲ್ಲೇ ಇರಬೇಕೆಂದು ಬಿಡುವುದೂ ಬೇಡ. ಹಾಗೆಯೇ ವರ್ಷಗಳ ನಂತರ ಒಂದು ಬದಿ ದಿಢೀರ್ ಊದಿಕೊಂಡರೆ ಅದು ಬೇರೆಯೇ ಲೆಕ್ಕ: ಒರಟು ಮೇಲ್ಮೈಯ ಇಂಪ್ಲಾಂಟುಗಳ ಸುತ್ತ ಅಪರೂಪಕ್ಕೆ ಲಿಂಫೋಮಾ ಎಂಬ ಕ್ಯಾನ್ಸರ್ ಬರುತ್ತದೆ. 2019ರಲ್ಲಿ ಅಲರ್ಗನ್ ಕಂಪನಿ ತನ್ನ ಒರಟು ಮೇಲ್ಮೈಯ ಬಯೋಸೆಲ್ ಇಂಪ್ಲಾಂಟುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಇದೇ ಕಾರಣಕ್ಕೆ. ಸುತ್ತ ತುಂಬಿದ ದ್ರವವನ್ನು ಸುಮ್ಮನೆ ತೆಗೆದು ಚೆಲ್ಲದೆ, ಸೈಟಾಲಜಿ (ಜೀವಕೋಶಗಳ ಪರೀಕ್ಷೆ) ಮತ್ತು ಈ ಲಿಂಫೋಮಾದ ಗುರುತು ಹುಡುಕುವ ಸಿಡಿ30 ಪರೀಕ್ಷೆಗೆ ಕಳಿಸಬೇಕು.

ಒಡೆದದ್ದು ಖಚಿತವಾದರೆ ಸಾಮಾನ್ಯವಾಗಿ ಅದು ತುರ್ತು ಆಪರೇಷನ್ ಅಲ್ಲ, ಆದರೆ ಇಂಪ್ಲಾಂಟ್ ತೆಗೆಸುವುದೇ ಸರಿ. ಹೊಸದು ಹಾಕಿಸಲೇಬೇಕೆಂದಿಲ್ಲ. ಹಳೆಯ ಆಪರೇಷನ್ನಿನ ಕಾರ್ಡಿನಲ್ಲಿ ಕಂಪನಿ, ಮಾದರಿ, ಸೀರಿಯಲ್ ನಂಬರ್ ಇರುತ್ತವೆ. ಅದನ್ನು ಸ್ಕ್ಯಾನ್ ಸೆಂಟರಿಗೂ ಸರ್ಜನ್ ಬಳಿಗೂ ಒಯ್ಯಿರಿ. ಫ್ರಾನ್ಸಿನ ಪಿಐಪಿ ಕಂಪನಿ ಕೈಗಾರಿಕೆಗೆ ಬಳಸುವ ಸಿಲಿಕೋನ್ ತುಂಬಿದ್ದು 2010ರಲ್ಲಿ ಬಯಲಾದಾಗ, ತಮ್ಮೊಳಗಿರುವುದು ಯಾವುದೆಂದು ತಿಳಿಯಲು ಮಹಿಳೆಯರಿಗೆ ಬೇಕಾದದ್ದು ಇಂಥ ದಾಖಲೆಯೇ.