ವ್ಯಾಲ್ಯುಯೇಶನ್ ಉಳಿಯಿತು ಸರಿ, ದುಡ್ಡು ಯಾರಿಗೆ ಹೋಗುತ್ತೆ?

ಟರ್ಮ್ ಶೀಟ್, ಅಂದರೆ ಹೂಡಿಕೆದಾರರು ತಮ್ಮ ಷರತ್ತು ಬರೆದು ಕೊಡುವ ಕಾಗದ, ಕೈಗೆ ಬಂದ ಕೂಡಲೇ ಸ್ಟಾರ್ಟಪ್ ಫೌಂಡರ್‌ಗಳು ಫೋನ್ ಮಾಡಿ ಹೆಮ್ಮೆಯಿಂದ ಹೇಳುವ ಮಾತು ಒಂದೇ. "ಸಾರ್, ವ್ಯಾಲ್ಯುಯೇಶನ್ ಮಾತ್ರ ಬಿಟ್ಟುಕೊಟ್ಟಿಲ್ಲ." ಹಾಗಾದ್ರೆ ಏನು ಬಿಟ್ಟುಕೊಟ್ಟಿರಿ ಅಂತ ಕೇಳುತ್ತೇನೆ. ಆ ಕಡೆಯಿಂದ ಸದ್ದೇ ಇರುವುದಿಲ್ಲ. ವ್ಯಾಲ್ಯುಯೇಶನ್, ಅಂದರೆ ಕಂಪನಿಗೆ ಕಟ್ಟಿದ ಬೆಲೆ, ಹಿಂದಿನ ಸಲಕ್ಕಿಂತ ಇಳಿಸಿ ದುಡ್ಡು ಎತ್ತುವುದಕ್ಕೆ ಡೌನ್ ರೌಂಡ್ ಅನ್ನುತ್ತಾರೆ. ಅದನ್ನು ತಪ್ಪಿಸಲು ಬೇರೆ ಷರತ್ತುಗಳಿಗೆ ತಲೆಯಾಡಿಸಿರುತ್ತಾರೆ.

2021ರ ಬೆಲೆ ಆ ಕಾಲದ ಬೆಲೆ. ದುಡ್ಡಿಗೆ ಬಡ್ಡಿಯೇ ಇಲ್ಲ ಅನ್ನುವಂತಿತ್ತು. 2022ರ ಮಾರ್ಚ್‌ನಿಂದ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸುತ್ತಾ ಹೋಯಿತು, ಇಲ್ಲಿ ಬೆಂಗಳೂರಿನಲ್ಲಿ ಚೆಕ್ ಬರೆಯುವ ಕೈಗಳು ಬಿಗಿಯಾದವು. ಸ್ವೀಡನ್‌ನ ಕ್ಲಾರ್ನಾ ಕಂಪನಿಯ ಬೆಲೆ ಒಂದೇ ವರ್ಷದಲ್ಲಿ 4,560 ಕೋಟಿ ಡಾಲರ್‌ನಿಂದ 670 ಕೋಟಿಗೆ ಇಳಿಯಿತು. ಪೇಮೆಂಟ್ ಕಂಪನಿ ಸ್ಟ್ರೈಪ್ 9,500 ಕೋಟಿ ಡಾಲರ್ ಬೆಲೆಯ ಬೋರ್ಡ್ ಕೆಳಗಿಳಿಸಿ 2023ರಲ್ಲಿ 5,000 ಕೋಟಿ ಲೆಕ್ಕದಲ್ಲಿ ದುಡ್ಡು ಎತ್ತಿತು, 2025ರಲ್ಲಿ ಮತ್ತೆ 9,000 ಕೋಟಿ ದಾಟಿತು. ಅವರಿಗಿಲ್ಲದ ನಾಚಿಕೆ ನಮಗ್ಯಾಕೆ?

ಎಚ್‌ಎಸ್‌ಆರ್ ಲೇಔಟ್‌ನ ಒಬ್ಬ ಹುಡುಗನ ಕತೆ ಹೇಳುತ್ತೇನೆ. ಗುರುತು ಸಿಗದಿರಲಿ ಅಂತ ಅಂಕಿ ಬದಲಿಸಿದ್ದೇನೆ. ಅವನಿಗೆ ಬೇಕಿದ್ದದ್ದು 50 ಕೋಟಿ. ಎರಡು ಆಫರ್ ಇದ್ದವು. ಒಂದು, ದುಡ್ಡು ಸೇರಿ 200 ಕೋಟಿ ವ್ಯಾಲ್ಯುಯೇಶನ್, ಹೂಡಿಕೆದಾರರಿಗೆ ಶೇ 25 ಪಾಲು, ಕಂಪನಿ ಮಾರಿದಾಗ ಹಾಕಿದಷ್ಟು ವಾಪಸ್ ಅಥವಾ ಪಾಲು, ಯಾವುದು ಜಾಸ್ತಿಯೋ ಅದು. ಇನ್ನೊಂದು, ಹಳೇ 400 ಕೋಟಿಯೇ, ಪಾಲು ಬರೀ ಶೇ 12.5, ಆದರೆ ಎರಡು ಪಟ್ಟು ಲಿಕ್ವಿಡೇಶನ್ ಪ್ರಿಫರೆನ್ಸ್, ಅದೂ ಪಾರ್ಟಿಸಿಪೇಟಿಂಗ್. ಕಂಪನಿ ಮಾರಿದಾಗ ಹಾಕಿದ ದುಡ್ಡಿನ ಎರಡು ಪಟ್ಟು ಮೊದಲು ತಗೊಂಡು, ಉಳಿದದ್ದರಲ್ಲೂ ಪಾಲು ತಗೊಳ್ಳುವ ಹಕ್ಕು ಇದು. ಅಂದರೆ ಮೊದಲ ಪಂಕ್ತಿಯಲ್ಲಿ ಕೂತು ಎರಡು ಎಲೆ ಊಟ ಮುಗಿಸಿ, ಎರಡನೇ ಪಂಕ್ತಿಗೂ ಬಂದು ಕೂರುವುದು.

ಅವನಿಗೆ ಎರಡನೆಯದೇ ಬೇಕು. "ಬೀಗರ ಮನೇಲಿ 400 ಕೋಟಿ ಕಂಪನಿ ಅಂತ ಪೇಪರ್ ಕಟಿಂಗ್‌ಗೆ ಫ್ರೇಮ್ ಹಾಕ್ಸಿದ್ದಾರೆ ಸಾರ್" ಅಂದ. ನಗು ಬಂತು, ಪಾಪ ಅಂತಲೂ ಅನಿಸಿತು. ಆಮೇಲೆ ಅವನ ಎದುರಿಗೇ ಲೆಕ್ಕ ಹಾಕಿದೆ.

ಕಂಪನಿ 160 ಕೋಟಿಗೆ ಮಾರಾಟವಾಯಿತು ಅಂದುಕೊಳ್ಳಿ. ಮೊದಲ ಆಫರ್‌ನಲ್ಲಿ ಹೂಡಿಕೆದಾರರು 50 ಕೋಟಿ ತಗೊಳ್ಳುತ್ತಾರೆ, ಮಿಕ್ಕವರಿಗೆ 110. ಎರಡನೆಯದರಲ್ಲಿ ಮೊದಲು 100 ಕೋಟಿ ಅವರಿಗೆ, ಉಳಿದ 60ರಲ್ಲಿ ಮತ್ತೆ ಏಳೂವರೆ ಅವರಿಗೆ, ಮಿಕ್ಕವರಿಗೆ 52.5. ಈ ಮಿಕ್ಕವರು ಅನ್ನುವುದರಲ್ಲಿ ನೀವಿದ್ದೀರಿ, ಹಳೇ ಹೂಡಿಕೆದಾರರಿದ್ದಾರೆ, ಕಡಿಮೆ ಸಂಬಳಕ್ಕೆ ಇಸಾಪ್ (ನೌಕರರಿಗೆ ಕೊಡುವ ಷೇರಿನ ಹಕ್ಕು) ನಂಬಿಕೊಂಡು ಬಂದ ನಿಮ್ಮ ಮೊದಲ ಎಂಜಿನಿಯರ್ ಹುಡುಗಿಯೂ ಇದ್ದಾಳೆ. ಸರಿ, ಅದೃಷ್ಟ ಚೆನ್ನಾಗಿತ್ತು, 800 ಕೋಟಿಗೆ ಮಾರಿದಿರಿ. ಆಗ ಮಿಕ್ಕವರಿಗೆ ಮೊದಲ ಆಫರ್‌ನಲ್ಲಿ 600, ಎರಡನೆಯದರಲ್ಲಿ 612.5. ಗೆದ್ದರೆ ಹನ್ನೆರಡೂವರೆ ಕೋಟಿ ಲಾಭ, ಸಾಧಾರಣವಾಗಿ ಮಾರಾಟವಾದರೆ ಐವತ್ತೇಳೂವರೆ ಕೋಟಿ ನಷ್ಟ. ಇಷ್ಟೆಲ್ಲ ಒಂದು ಫ್ರೇಮ್‌ಗೋಸ್ಕರ!

ಇದು ಸರಳ ಮಾಡಿದ ಲೆಕ್ಕ. ಹಳಬರ ಪ್ರಿಫರೆನ್ಸ್‌ಗಳೂ ಸೇರಿದರೆ ಇನ್ನೂ ಗೋಜಲು. ಐಪಿಒಗೆ ಹೋದರೆ ಪ್ರಿಫರೆನ್ಸ್ ಷೇರುಗಳೆಲ್ಲ ಸಾಮಾನ್ಯ ಷೇರಾಗಿ ಬದಲಾಗಬೇಕು, ಆಗ ಈ ಹಕ್ಕು ಉಳಿಯುವುದಿಲ್ಲ, ನಿಜ. ಆದರೆ ಐಪಿಒ ನೋಡುವ ಕಂಪನಿಗಳು ಎಷ್ಟಿವೆ ಹೇಳಿ.

ಹಾಗಂತ ಡೌನ್ ರೌಂಡ್ ಪುಕ್ಕಟೆ ಅಲ್ಲ. ಹಳೇ ಷೇರ್‌ಹೋಲ್ಡರ್ಸ್ ಅಗ್ರಿಮೆಂಟ್ ತೆಗೆದು ಆಂಟಿ ಡೈಲ್ಯೂಷನ್ ಕಲಂ ಓದಿ. ಬೆಲೆ ಇಳಿದರೆ ಹಳೇ ಹೂಡಿಕೆದಾರರ ಪಾಲು ಕಾಪಾಡಲು ಅವರಿಗೆ ಹೆಚ್ಚು ಷೇರು ಕೊಡುವ ಕಲಂ ಅದು. ವೇಯ್ಟೆಡ್ ಆವರೇಜ್ (ಹೊಸ ಷೇರು ಎಷ್ಟು ಅಂತ ನೋಡಿ ಹಳಬರ ಬೆಲೆ ಅಷ್ಟೇ ಪ್ರಮಾಣದಲ್ಲಿ ಇಳಿಸುವುದು) ಅಂತಿದ್ದರೆ ಸಾಮಾನ್ಯವಾಗಿ ತಡೆದುಕೊಳ್ಳಬಹುದು. ಫುಲ್ ರಾಚೆಟ್ (ಹಳಬರ ಬೆಲೆಯನ್ನು ಪೂರ್ತಿ ಹೊಸ ಬೆಲೆಗೇ ಇಳಿಸುವುದು) ಅಂತ ಕಂಡರೆ, ಹೊಸ ಕಾಗದಕ್ಕೆ ಸಹಿ ಹಾಕುವ ಮೊದಲೇ ಹಳಬರ ಜೊತೆ ಕೂತು ಆ ಹಕ್ಕು ಮನ್ನಾ ಮಾಡಿ ಅಂತ ಕೇಳಿ. ಎಲ್ಲರೂ ಒಪ್ಪುತ್ತಾರೆ ಅನ್ನಲಾರೆ. ಆದರೆ ಹೊಸ ದುಡ್ಡು ಬರದಿದ್ದರೆ ತಮ್ಮ ಷೇರಿಗೂ ಬೆಲೆ ಇರಲ್ಲ ಅಂತ ಅವರಿಗೂ ಗೊತ್ತು, ಬಹಳ ಸಲ ಹೊಸಬರೇ ಅದನ್ನು ಷರತ್ತಾಗಿ ಹಾಕಿ ನಿಮ್ಮ ಕೆಲಸ ಸುಲಭ ಮಾಡುತ್ತಾರೆ.