ಅರಗಿನ ಕೆಳಗಿನ ಚಿನ್ನ: ಟಿಬೆಟ್–ಮಂಗೋಲಿಯಾದ ತೊಗಲಿನ ಕವಚ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಂಥ ಸಂಗ್ರಹಗಳಲ್ಲಿರುವ ಟಿಬೆಟ್–ಮಂಗೋಲಿಯಾದ ತೊಗಲಿನ ಕವಚಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಚಿನ್ನದ ಚಿತ್ತಾರ. ಅದರ ಮೇಲಿನ ಅರಗಿನ ಹೊಳಪು ಬರೀ ಅಲಂಕಾರವಲ್ಲ. ಹಸಿ ತೊಗಲು ಒಣಗಿದರೆ ಹಲಗೆಯಷ್ಟು ಗಟ್ಟಿ. ನೀರು ಕುಡಿದರೆ ಉಬ್ಬಿ, ಮೆತ್ತಗಾಗಿ, ಮತ್ತೆ ಒಣಗುವಾಗ ಸೊಟ್ಟಗಾಗುತ್ತದೆ. ಬಣ್ಣದ ಮೇಲಿನ ಅರಗಿನ ಲೇಪವೇ ತೇವಕ್ಕೆ ತಡೆ.

1245–47ರಲ್ಲಿ ಮಂಗೋಲರ ನಾಡಿಗೆ ಹೋಗಿಬಂದ ಪಾದ್ರಿ ಕಾರ್ಪಿನಿ ಇಂಥ ಕವಚದ ಕಟ್ಟನ್ನು ವಿವರಿಸಿದ್ದಾನೆ: ಅಂಗೈ ಅಗಲದ ತೊಗಲಿನ ಪಟ್ಟಿಗಳನ್ನು ಮೂರು ನಾಲ್ಕರಂತೆ ಅಂಟಿಸಿ, ಬಾರಿನಿಂದ ಬಿಗಿಯುತ್ತಿದ್ದರು. ಮೈ ಬಗ್ಗಿಸಿದಾಗ ಪಟ್ಟಿಗಳು ಒಂದರ ಮೇಲೊಂದು ಏರಿ ಎರಡು ಮೂರು ಪದರವಾಗುತ್ತಿದ್ದವು. ಕುದುರೆಯ ಕವಚಕ್ಕೆ ಐದು ಭಾಗ. ಹಣೆಯದು ಮಾತ್ರ ಕಬ್ಬಿಣ, ಉಳಿದದ್ದೆಲ್ಲ ತೊಗಲು.

ಉದ್ದ ಪಟ್ಟಿಯ ಬದಲು ತೊಗಲಿನ ಚಿಕ್ಕ ಬಿಲ್ಲೆಗಳನ್ನು ಬಾರಿನಿಂದ ಪೋಣಿಸಿದ ಕವಚವೂ ಉಂಟು. ಅಂಥದು ಕೈಗೆ ಬಂದರೆ ಒಂದು ಬಿಲ್ಲೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಬಣ್ಣ ಎದ್ದ ಕಡೆ ಪದರಗಳು ಕಾಣುತ್ತವೆ: ತೊಗಲು, ಬಣ್ಣ, ಚಿನ್ನದ ರೇಕು, ಮೇಲೆ ಅರಗು. ಅರಗು ವಯಸ್ಸಾದಂತೆ ಕಪ್ಪಾಗುತ್ತದೆ. ಪಕ್ಕದ ಬಿಲ್ಲೆಯಡಿ ಮುಚ್ಚಿಕೊಂಡ ಭಾಗಕ್ಕೆ ಬೆಳಕು ತಾಗದ ಕಾರಣ ಅಲ್ಲಿ ಹಳೆಯ ಕೆಂಪು, ಚಿನ್ನ ಉಳಿದಿರಬಹುದು. ಬಣ್ಣ ಬಿಲ್ಲೆಯಡಿಗೂ ಹೋಗಿದ್ದರೆ ಪೋಣಿಸುವ ಮೊದಲೇ ಬಳಿದದ್ದು. ಬಾರಿನ ಮೇಲೂ ಬಣ್ಣ ಹಬ್ಬಿದ್ದರೆ ಆ ಲೇಪ ಆಮೇಲಿನದು.

ಇನ್ನು ಎಡವಟ್ಟಿನ ಮಾತು. ಕೊಳೆ ತೆಗೆಯಲು ಸ್ಪಿರಿಟ್ ಹಚ್ಚಲೇಬಾರದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ಸ್ಪಿರಿಟ್ ಅದನ್ನು ಕರಗಿಸುತ್ತದೆ. ಅರಗಿನ ಜೊತೆ ಚಿನ್ನವೂ ಹತ್ತಿಗೆ ಬಂದುಬಿಡುತ್ತದೆ. ತೊಗಲು ಮೆತ್ತಗಾಗಲೆಂದು ಎಣ್ಣೆ ಸವರುವುದೂ ಬೇಡ: ಧೂಳು ಹಿಡಿದು ಜಿಡ್ಡಾಗುತ್ತದೆ, ಮುಂದೆ ಎದ್ದ ಬಣ್ಣವನ್ನು ಮತ್ತೆ ಕೂರಿಸುವ ಅಂಟು ಹಿಡಿಯುವುದಿಲ್ಲ. ಮೆದು ಬ್ರಷ್ಷಿನಲ್ಲಿ ಧೂಳು ಸರಿಸಿದರೆ ಸಾಕು. ಎದ್ದ ಬಣ್ಣವಿದ್ದರೆ ಅದೂ ಬೇಡ, ಮೊದಲು ಅದನ್ನು ಕೂರಿಸಬೇಕು.

ಗಾಳಿಯ ತೇವಾಂಶ ಶೇ 45–55ರ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ಇರಲಿ. ತೇವ ಏರಿಳಿದಂತೆ ತೊಗಲು ಹಿಗ್ಗಿ ಕುಗ್ಗುತ್ತದೆ. ಹಳೆಯ ಅರಗು ಅದರ ಜೊತೆ ಬಾಗಲಾರದೆ ಬಿರಿಯುತ್ತದೆ.

ಕವಚವನ್ನು ಭುಜದಿಂದ ನೇತುಹಾಕಬೇಡಿ. ಭಾರವೆಲ್ಲ ಬಾರಿನ ಮೇಲೆ ಬಿದ್ದು, ತೂತಿನ ಬಳಿ ಬಿಲ್ಲೆ ಸೀಳುತ್ತದೆ. ಮೆತ್ತೆಯ ಮೇಲೆ ಮಲಗಿಸಿಡಿ. ಬಾರು ತುಂಡಾಗಿದ್ದರೆ ಹಳೆಯದನ್ನು ಎಳೆದು ತೆಗೆಯದೆ, ಪಕ್ಕದಲ್ಲೇ ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿ. ಪೋಣಿಸಿದ ಮೂಲ ಕ್ರಮಕ್ಕೆ ಆ ತುಂಡೇ ಸಾಕ್ಷಿ.