ಸುವಂತೊ ಎಂದರೆ ಮಡುವೇ?

ಫಿನ್ಲೆಂಡಿನ ಹೊಳೆಗಳ ಬಗ್ಗೆ ಓದುವವರಿಗೆ ಎರಡು ಪದಗಳು ಮತ್ತೆ ಮತ್ತೆ ಎದುರಾಗುತ್ತವೆ: ಕೊಸ್ಕಿ, ಸುವಂತೊ. ನೀರು ಬಂಡೆಗಳ ನಡುವೆ ನೊರೆಯೆದ್ದು ನುಗ್ಗುವ ಇಳಿಜಾರು ಕೊಸ್ಕಿ. ಎರಡು ಕೊಸ್ಕಿಗಳ ನಡುವೆ ಅದೇ ನೀರು ಸದ್ದಡಗಿಸಿಕೊಂಡು, ಹರಿಯುತ್ತಿದೆಯೋ ನಿಂತಿದೆಯೋ ಎಂಬ ಅನುಮಾನ ಬರುವಂತೆ ಸಾಗುವ ಭಾಗ ಸುವಂತೊ. ನಮ್ಮ 'ಮಡು' ಇದಕ್ಕೆ ಹತ್ತಿರ, ಆದರೆ ಪೂರ್ತಿ ಹೊಂದದು. ಮಡು ಎಂದಕೂಡಲೇ ನೆನಪಾಗುವುದು ಆಳ. ಸುವಂತೊದಲ್ಲಿ ಮುಖ್ಯವಾದದ್ದು ನಿಧಾನ.

ಈಶಾನ್ಯ ಫಿನ್ಲೆಂಡಿನ ಕಾಡುಗಳಲ್ಲಿ, ಆರ್ಕ್ಟಿಕ್ ವೃತ್ತದ ಆಸುಪಾಸಿನಲ್ಲಿ ಹರಿಯುವ ಔಲಂಕಾ ಹೊಳೆಯನ್ನು ನೋಡಿದರೆ ಈ ಜೋಡಿಪದ ಸುಲಭವಾಗಿ ಅರ್ಥವಾಗುತ್ತದೆ. ಸಲ್ಲಾ ಪ್ರದೇಶದಲ್ಲಿ ಹುಟ್ಟಿ, ಪೈನ್ ಕಾಡಿನ ಕಮರಿಗಳನ್ನು ದಾಟಿ ಬರುವ ಹೊಳೆ ಕಿಯುತಾಕೊಂಗಾಸ್‌ನಲ್ಲಿ ಕೆಂಪು ಡಾಲಮೈಟ್ ಬಂಡೆಗಳ ನಡುವೆ ಇಕ್ಕಟ್ಟಿಗೆ ಸಿಕ್ಕಿ, ಸುಮಾರು 600 ಮೀಟರ್ ದೂರದಲ್ಲಿ 14 ಮೀಟರ್ ಇಳಿಯುತ್ತದೆ. (ಕೊಂಗಾಸ್ ಎಂದರೆ ಕೊಸ್ಕಿಗಿಂತ ಕಡಿದಾದದ್ದು. ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಯಿಂದ ಬಂದ ಪದ.) ಅದನ್ನು ದಾಟಿದ್ದೇ ತಡ, ಹೊಳೆಯ ಗುಣವೇ ಬದಲಾಗುತ್ತದೆ. ಹಿಮಯುಗ ಮುಗಿಯುವಾಗ ಕಣಿವೆಯಲ್ಲಿ ತುಂಬಿಕೊಂಡ ಮರಳಿನ ಮೇಲೆ ಹಾವಿನಂತೆ ಸುತ್ತುತ್ತದೆ. ಬೇಸಿಗೆಯ ಮೊದಲಿಗೆ ಹಿಮ ಕರಗಿ ನೆರೆ ಬಂದಾಗ ತಿರುವಿನ ಹೊರದಂಡೆ ಕುಸಿಯುತ್ತದೆ, ಒಳದಂಡೆಯಲ್ಲಿ ಮರಳು ಕೂಡುತ್ತದೆ. ತಿರುವು ತೀರಾ ಬಾಗಿದಲ್ಲಿ ಹೊಳೆ ಅಡ್ಡದಾರಿ ಹಿಡಿಯುತ್ತದೆ. ಹಳೆಯ ಪಾತ್ರ ಕುಡುಗೋಲಿನಾಕಾರದ ಕೆರೆಯಾಗಿ ಉಳಿದುಬಿಡುತ್ತದೆ. ನೆರೆಯ ಮಣ್ಣಿನಲ್ಲಿ ಬೆಳೆದ ದಂಡೆಯ ಹುಲ್ಲನ್ನು ಹಿಂದೆ ರೈತರು ಚಳಿಗಾಲದ ಮೇವಿಗೆಂದು ಕೊಯ್ಯುತ್ತಿದ್ದರು.

ಚಳಿಗಾಲದಲ್ಲಿ ಈ ಎರಡು ಪದಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸುವಂತೊ ಮೊದಲು ಹೆಪ್ಪುಗಟ್ಟುತ್ತದೆ, ರಭಸದ ಕೊಸ್ಕಿ ಹಲವೆಡೆ ತೆರೆದೇ ಇರುತ್ತದೆ. ಆ ತೆರೆದ ನೀರಿನಲ್ಲಿ ಮುಳುಗಿ ಹುಳು ಹೆಕ್ಕುವ ಬಿಳಿಗಂಟಲಿನ ಪುಟ್ಟ ಹಕ್ಕಿಗೆ ಫಿನ್ನಿಷ್‌ನಲ್ಲಿ ಕೊಸ್ಕಿಕಾರಾ ಎಂದೇ ಹೆಸರು.

1956ರಿಂದ ಈ ಪ್ರದೇಶ ರಾಷ್ಟ್ರೀಯ ಉದ್ಯಾನ. ಹೊಳೆ ಮುಂದೆ ರಷ್ಯಾದ ಗಡಿ ದಾಟಿ ಪಾನಾಯಾರ್ವಿ ಸರೋವರ ಸೇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಕೈತಪ್ಪುವವರೆಗೆ ಆ ಸರೋವರವೂ ಫಿನ್ಲೆಂಡಿನದೇ ಆಗಿತ್ತು. ಅಲ್ಲಿಂದ ನೀರು ಪ್ಯಾಒಜೆರೊ ಸರೋವರ, ಕೋವ್ದಾ ನದಿಗಳ ಮೂಲಕ ಬಿಳಿಸಮುದ್ರಕ್ಕೆ ಹೋಗುತ್ತದೆ. ಪಾನಾಯಾರ್ವಿಯನ್ನು ದೊಡ್ಡದೊಂದು ಸುವಂತೊ ಎಂದುಕೊಳ್ಳುವಂತಿಲ್ಲ. ನೆಲದ ಬಿರುಕಿನಲ್ಲಿ ಕೂತ ಆ ಕಿರಿದಾದ ಉದ್ದನೆಯ ಸರೋವರ 128 ಮೀಟರ್ ಆಳವಿದೆ. ನಮ್ಮ 'ಮಡು' ಹೊಂದುವುದಾದರೆ ಅಲ್ಲಿಗೆ.